ಹಳೇ ಕಂಪ್ಯೂಟರು, ಹೊಸ ನಿಯಮ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಕಂಪ್ಯೂಟರ್ ಅಂಗಡಿಗಳು, ಶಿರಸಿ-ಸಿದ್ದಾಪುರದ ಸೊಸೈಟಿಗಳು, ಶಾಲೆ, ಪಂಚಾಯ್ತಿ ಕಚೇರಿ ಮತ್ತು ಮನೆಗಳವರು ಹಳೇ ಕಂಪ್ಯೂಟರ್, ಮೋಡೆಮ್‌ನಂಥ ವಿದ್ಯುನ್ಮಾನ ತ್ಯಾಜ್ಯದ (ಇ-ತ್ಯಾಜ್ಯ) ಬಗ್ಗೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಬೇರೆ ಹೇಳಿರದ ಕಡೆಯೆಲ್ಲ ‘ನಿಯಮ’ ಎಂದರೆ 2022ರ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು. ‘ಮಂಡಳಿ’ ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿ.

ಕಂಪ್ಯೂಟರ್ ಬದಲಾಗುವ ವೇಗಕ್ಕೆ ಕಾನೂನು ಬದಲಾಗುತ್ತಿದೆಯೇ?

ಇಲ್ಲ. ಭಾರತದ ಮೊದಲ ಇ-ತ್ಯಾಜ್ಯ ನಿಯಮ 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂತು. ಎರಡನೆಯದು 2016ರ ಅಕ್ಟೋಬರ್ 1ರಿಂದ ನಡೆಯಿತು, 2018ರಲ್ಲಿ ಅದರ ಗುರಿಗಳನ್ನು ತಿದ್ದಿದರು. ಈಗ ಚಾಲ್ತಿಯಲ್ಲಿರುವುದು 2022ರ ನವೆಂಬರ್ 2ರಂದು ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಾದದ್ದು. ಅಂದರೆ ಹನ್ನೊಂದು ವರ್ಷದಲ್ಲಿ ಮೂರು ನಿಯಮ. ಅಷ್ಟರಲ್ಲಿ ಡಬ್ಬಿ ಮಾನಿಟರ್ ಹೋಗಿ ಎಲ್‌ಸಿಡಿ ಬಂತು, ಅದರೊಳಗಿನ ಪಾದರಸದ ದೀಪ ಹೋಗಿ ಎಲ್‌ಇಡಿ ಬಂತು, ತಿರುಗುವ ಹಾರ್ಡ್‌ಡಿಸ್ಕಿನ ಜಾಗಕ್ಕೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿ ಬಂತು. ಬೆರಳಲ್ಲಿ ತೆಗೆಯಬಹುದಾಗಿದ್ದ ಬ್ಯಾಟರಿ ಅಂಟು ಹಾಕಿ ಕೂತಿತು, ರ್‍ಯಾಮ್ ಬೋರ್ಡಿಗೇ ಬೆಸೆದುಹೋಯಿತು.

ಈ ಅಂತರ ಸ್ಪಷ್ಟವಾಗಿ ಕಾಣುವುದು ನಿಯಮಕ್ಕೆ ಒಳಪಡುವ ಸಾಮಾನುಗಳ ಪಟ್ಟಿಯಲ್ಲಿ. 2016ರ ನಿಯಮದಲ್ಲಿ ಇದ್ದದ್ದು 21 ಬಗೆಯ ಸಾಮಾನು, 2022ರಲ್ಲಿ ಅದು 106ಕ್ಕೆ ಏರಿತು. ಮೋಡೆಮ್, ರೂಟರ್, ಸ್ಕ್ಯಾನರ್, ಯುಪಿಎಸ್, ಇನ್ವರ್ಟರ್, ದತ್ತಾಂಶ ಸಂಗ್ರಹಿಸುವ ಸಾಧನಗಳು ಹೆಸರು ಹಿಡಿದು ಪಟ್ಟಿ ಸೇರಿದ್ದು ಆಗಲೇ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ದೇಶದಲ್ಲಿ ಶುರುವಾದದ್ದು 2005ರಲ್ಲಿ. ಘಟ್ಟದ ಮೇಲಿನ ಮನೆಗಳಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗಿಗೆ ಸುಟ್ಟುಹೋದ ಮೋಡೆಮ್‌ಗಳೆಲ್ಲ ಇಷ್ಟು ವರ್ಷ ಯಾರ ಲೆಕ್ಕಕ್ಕೂ ಸಿಗದೆ ಅಟ್ಟದ ಮೇಲೋ ಹಿತ್ತಲ ಗುಂಡಿಯಲ್ಲೋ ಉಳಿದವು.

ಹಾಗಾದರೆ ಪಟ್ಟಿ ನೋಡಿ ಏನು ಪ್ರಯೋಜನ?

ಕಂಪನಿಗೆ ಪ್ರಯೋಜನವಿದೆ, ಅದರ ಹೊಣೆ ನಿಂತಿರುವುದೇ ಪಟ್ಟಿಯ ಮೇಲೆ. ನಿಮಗೆ ಅಷ್ಟಿಲ್ಲ. ಸಾಮಾನನ್ನು ಕೈಯಲ್ಲಿ ಹಿಡಿದಾಗ ನಾಲ್ಕೇ ಪ್ರಶ್ನೆ ಕೇಳಿಕೊಳ್ಳಿ: ಒಳಗೆ ಬ್ಯಾಟರಿ ಇದೆಯೇ, ಪಾದರಸದ ದೀಪ ಇದೆಯೇ, ಸೀಸದ ಗಾಜು ಇದೆಯೇ, ನಿಮ್ಮ ಮಾಹಿತಿ ಉಳಿದಿದೆಯೇ? ಹೆಸರು ಪಟ್ಟಿಯಲ್ಲಿ ಇರಲಿ ಬಿಡಲಿ, ಅದನ್ನು ಹೇಗೆ ಬಿಚ್ಚಬೇಕು, ಎಲ್ಲಿಡಬೇಕು, ಯಾರಿಗೆ ಕೊಡಬೇಕು ಎನ್ನುವುದು ಈ ನಾಲ್ಕರಿಂದಲೇ ತೀರ್ಮಾನವಾಗುತ್ತದೆ. ಇದು ಇಡೀ ಪುಟದಲ್ಲಿ ನಾವು ಹಿಡಿದಿರುವ ದಾರಿ.

ಕಂಪನಿಯ ಹೊಣೆಯನ್ನು ಲೆಕ್ಕ ಹಾಕುವುದು ಹೇಗೆ?

ಪ್ರತಿ ಸಾಮಾನಿಗೂ ಒಂದು ಸರಾಸರಿ ಬಾಳಿಕೆ ಗೊತ್ತುಮಾಡಿದ್ದಾರೆ. ಅಷ್ಟು ವರ್ಷ ಹಿಂದೆ ಕಂಪನಿ ಮಾರಿದ್ದ ತೂಕದಲ್ಲಿ ಇಷ್ಟು ಪಾಲನ್ನು ಈ ವರ್ಷ ಮರುಬಳಕೆ ಮಾಡಿಸಿದ ಪ್ರಮಾಣಪತ್ರ ತೋರಿಸಬೇಕು. 2023-24 ಮತ್ತು 2024-25ಕ್ಕೆ 60%, 2025-26 ಮತ್ತು 2026-27ಕ್ಕೆ 70%, 2027-28ರಿಂದ 80%. ಐದು ವರ್ಷ ಬಾಳಿಕೆಯ ಸಾಮಾನನ್ನು ಒಂದು ಕಂಪನಿ 2020-21ರಲ್ಲಿ 100 ಟನ್ ಮಾರಿದ್ದರೆ, 2025-26ರಲ್ಲಿ ಅದರ ಹೊಣೆ 70 ಟನ್. ಕಂಪನಿ ತಾನೇ ಮನೆಮನೆಗೆ ಬಂದು ಹಳೇ ಪೆಟ್ಟಿಗೆ ಹೊತ್ತೊಯ್ಯಬೇಕಿಲ್ಲ. ನೋಂದಾಯಿತ ಮರುಬಳಕೆ ಘಟಕದಿಂದ ಪ್ರಮಾಣಪತ್ರ ಖರೀದಿಸಿದರೆ ಆಯಿತು, ಎಲ್ಲವೂ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲೇ ನಡೆಯುತ್ತದೆ.

ನಮ್ಮ ಜಿಲ್ಲೆಗೆ ಏಟು ಬಿದ್ದಿರುವುದು ಇಲ್ಲೇ. ಪ್ರಮಾಣಪತ್ರ ಎಲ್ಲಿಯ ಸಾಮಾನಿನದಾದರೂ ನಡೆಯುತ್ತದೆ. ಬೆಂಗಳೂರಿನ ಒಂದೇ ಐಟಿ ಕಚೇರಿಯಿಂದ ಲಾರಿಗಟ್ಟಲೆ ಸಿಗುವಾಗ, ಜೋಯಿಡಾದ ಶಾಲೆಯ ನಾಲ್ಕು ಕಂಪ್ಯೂಟರಿಗೆ ಯಾರು ಘಟ್ಟ ಹತ್ತಿಳಿಯುತ್ತಾರೆ? ಹಳೇ ನಿಯಮದಲ್ಲಿ ಸಂಗ್ರಹ ಕೇಂದ್ರ, ಸಂಗ್ರಹಿಸುವ ಸಂಸ್ಥೆ ಎಂದೆಲ್ಲ ಪ್ರತ್ಯೇಕ ವರ್ಗಗಳಿದ್ದವು. 2022ರ ನಿಯಮದಲ್ಲಿ ನೋಂದಣಿ ಇರುವುದು ತಯಾರಕರು, ಉತ್ಪಾದಕರು (ತಮ್ಮ ಬ್ರ್ಯಾಂಡಿನಲ್ಲಿ ಮಾರುವವರು, ಆಮದು ಮಾಡುವವರು), ರಿಫರ್ಬಿಷರ್ (ಹಳೆಯದನ್ನು ಸರಿಮಾಡಿ ಮಾರುವವರು) ಮತ್ತು ಮರುಬಳಕೆದಾರರು ಎಂಬ ನಾಲ್ಕು ವರ್ಗಕ್ಕೆ ಮಾತ್ರ. ಲೆಕ್ಕ ಇಡಲು ಇದು ಸಲೀಸು. ದೂರದ ಊರಿಂದ ಸಾಮಾನು ತರಿಸುವ ಕೊಂಡಿ ಮಾತ್ರ ಸಡಿಲವಾಗಿದೆ ಎಂಬುದು ನಮ್ಮ ಅಭಿಪ್ರಾಯ.

ತೂಕದ ಲೆಕ್ಕದಲ್ಲಿ ತಪ್ಪೇನಿದೆ?

ಸಾಧನಗಳು ಹಗುರವಾಗುತ್ತಿವೆ. ಒಂದು ಕಾಲದ ಲ್ಯಾಪ್‌ಟಾಪ್ ಎರಡೂವರೆ ಕಿಲೋ ತೂಗುತ್ತಿತ್ತು, ಈಗಿನದು ಒಂದೂಕಾಲು ಕಿಲೋ ಆಸುಪಾಸು. ಟನ್ ಲೆಕ್ಕ ತುಂಬಲು ಹಳೇ ಭಾರದ ಪೆಟ್ಟಿಗೆಗಳೇ ಸುಲಭ. ಅದೂ ಅಲ್ಲದೆ ಪ್ರಮಾಣಪತ್ರದ ಲೆಕ್ಕ ಮುಖ್ಯವಾಗಿ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಮೇಲೆ ನಿಂತಿದೆ. ಹಾರ್ಡ್‌ಡಿಸ್ಕಿನ ಅಯಸ್ಕಾಂತದಲ್ಲಿರುವ ನಿಯೋಡಿಮಿಯಂ, ಲಿಥಿಯಂ ಬ್ಯಾಟರಿಯ ಕೋಬಾಲ್ಟ್ ಇವೆಲ್ಲ ತೂಕದಲ್ಲಿ ಅತ್ಯಲ್ಪ, ಬೆಲೆಯಲ್ಲಿ ಅಲ್ಲ. ಇಂಥ ನಿರ್ಣಾಯಕ ಖನಿಜಗಳನ್ನು ತ್ಯಾಜ್ಯದಿಂದ ಹಿಂತೆಗೆಯಲು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಇದೂ ತಂತ್ರಜ್ಞಾನದ ಹಿಂದೆ ಓಡಿ ಬಂದದ್ದೇ.

ನಮ್ಮ ಸೊಸೈಟಿಯಲ್ಲಿ 30 ಕಂಪ್ಯೂಟರ್ ಇವೆ. ನಾವು ‘ಬೃಹತ್ ಬಳಕೆದಾರ’ರೇ?

ಅಲ್ಲ. ಆರ್ಥಿಕ ವರ್ಷದ ಯಾವುದೇ ಹೊತ್ತಿನಲ್ಲಿ ಪಟ್ಟಿಯ ಕನಿಷ್ಠ 1,000 ಸಾಧನ ಬಳಸಿದ ಸಂಸ್ಥೆ ಮಾತ್ರ ಈಗ ಬೃಹತ್ ಬಳಕೆದಾರ. 2016ರಲ್ಲಿ ಲೆಕ್ಕ ಬೇರೆ ಇತ್ತು. ಸರ್ಕಾರಿ ಕಚೇರಿ, ಬ್ಯಾಂಕು, ಶಿಕ್ಷಣ ಸಂಸ್ಥೆ ಎಂದು ಬಗೆ ನೋಡಿ ಹಿಡಿಯುತ್ತಿದ್ದರು. ಹಳೇ ಸುತ್ತೋಲೆ ಹಿಡಿದುಕೊಂಡು ಗಾಬರಿಯಾಗುವ ಕಾರ್ಯದರ್ಶಿಗಳು ಇನ್ನೂ ಇದ್ದಾರೆ. ಎಣಿಸುವಾಗ ಒಂದು ಎಚ್ಚರ: ಕಂಪ್ಯೂಟರ್ ಮಾತ್ರ ಎಣಿಸಿದರೆ ಸಾಲದು. ಪ್ರಿಂಟರ್, ಯುಪಿಎಸ್, ರೂಟರ್, ಟ್ಯೂಬ್‌ಲೈಟ್, ಫ್ರಿಜ್ ಎಲ್ಲ ಸೇರುತ್ತವೆ. ಹಲವು ಶಾಖೆಗಳಿರುವ ದೊಡ್ಡ ಬ್ಯಾಂಕು ಅಥವಾ ಕಾಲೇಜು ಸಮೂಹ ಸಾವಿರ ದಾಟುವುದು ಕಷ್ಟವಲ್ಲ. ದಾಟಿದರೆ ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕ, ರಿಫರ್ಬಿಷರ್ ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು.

ಸಾವಿರದೊಳಗೆ ಇದ್ದವರೂ ಇದೇ ಕ್ರಮ ಹಿಡಿಯುವುದು ಒಳ್ಳೆಯದು. ಹರಾಜು ಹಾಕುವಾಗ ‘ಹೆಚ್ಚು ಬೆಲೆ ಕೂಗಿದವರಿಗೆ’ ಎಂದಷ್ಟೇ ಬರೆದರೆ ಸಾಮಾನು ಹೋಗುವುದು ಗುಜರಿಗೆ. ‘ಮಂಡಳಿಯಲ್ಲಿ ನೋಂದಾಯಿತ ಮರುಬಳಕೆದಾರರು ಹಾಗೂ ರಿಫರ್ಬಿಷರ್‌ಗಳಿಗೆ ಮಾತ್ರ’ ಎಂಬ ಒಂದು ಸಾಲು ಟೆಂಡರಿನಲ್ಲಿ ಸೇರಿಸಿ. ಬೆಲೆ ಸ್ವಲ್ಪ ಇಳಿಯುತ್ತದೆ, ಅದು ಆಡಳಿತ ಮಂಡಳಿಗೆ ಮೊದಲೇ ಗೊತ್ತಿರಲಿ.

ನಮ್ಮದು ಅಸೆಂಬಲ್ಡ್ ಕಂಪ್ಯೂಟರ್ ಮಾಡಿಕೊಡುವ ಅಂಗಡಿ. ನಾವೂ ‘ಉತ್ಪಾದಕ’ರಾಗುತ್ತೇವೆಯೇ?

ನಿಮ್ಮದೇ ಹೆಸರಿನ ಬ್ರ್ಯಾಂಡ್ ಹಚ್ಚಿ ಮಾರಿದರೆ ವ್ಯಾಖ್ಯೆಯ ಪ್ರಕಾರ ಉತ್ಪಾದಕರೇ. ಆದರೆ ಸೂಕ್ಷ್ಮ ಉದ್ಯಮಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ಯಮ ಎಂದರೆ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದ್ದು. ಕಾರವಾರ-ಶಿರಸಿಯ ಬಹುತೇಕ ಅಂಗಡಿಗಳು ಇದರೊಳಗೇ ಬರುತ್ತವೆ. ಗಿರಾಕಿಯ ಕಂಪ್ಯೂಟರ್ ರಿಪೇರಿ ಮಾಡಿ ಅವರಿಗೇ ಹಿಂತಿರುಗಿಸಿದರೆ ನೀವು ರಿಫರ್ಬಿಷರ್ ಅಲ್ಲ. ಹಳೆಯದನ್ನು ಕೊಂಡು ಸರಿಮಾಡಿ ಮಾರುಕಟ್ಟೆಯಲ್ಲಿ ಮಾರಿದರೆ ಆ ವ್ಯಾಖ್ಯೆಯೊಳಗೆ ಬರುತ್ತೀರಿ.

ವಿನಾಯಿತಿ ಇದೆ ಎಂದು ಅಂಗಡಿ ಹಿಂದೆ ವೈರು ಸುಡಲು ಪರವಾನಗಿ ಸಿಕ್ಕಿತು ಎಂದಲ್ಲ. ಪರಿಸರ ಸಂರಕ್ಷಣಾ ಕಾಯ್ದೆ, ಜಲ ಮತ್ತು ವಾಯು ಕಾಯ್ದೆಗಳಿಗೆ ಸೂಕ್ಷ್ಮ-ದೊಡ್ಡ ಎಂಬ ಭೇದವಿಲ್ಲ.

ಅಸೆಂಬಲ್ಡ್ ಪೆಟ್ಟಿಗೆ ಕೆಟ್ಟಾಗ ಅದಕ್ಕೆ ಬ್ರ್ಯಾಂಡ್ ಇಲ್ಲ, ಹಾಗಾಗಿ ಕೇಳಲು ಕಂಪನಿಯೂ ಇಲ್ಲ. ಇಂಥ ‘ಅನಾಥ’ ಸಾಮಾನನ್ನು ಸಂಗ್ರಹಿಸಿ ನೋಂದಾಯಿತರಿಗೆ ತಲುಪಿಸುವ ಹೊಣೆಯನ್ನು ನಿಯಮ ಸ್ಥಳೀಯ ಸಂಸ್ಥೆಯ ಮೇಲೆ ಹಾಕಿದೆ, ಅಂದರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿ. ಅರ್ಜಿ ಬರೆಯುವಾಗ ಈ ಮಾತನ್ನೇ ಎತ್ತಿ ಹೇಳಿ.

ವಿಂಡೋಸ್ 10 ನಿಂತುಹೋಯಿತು. ಚೆನ್ನಾಗಿರುವ ಕಂಪ್ಯೂಟರನ್ನು ಎಸೆಯಬೇಕೇ?

ಎಸೆಯಬೇಡಿ. ಕಾನೂನು ಇನ್ನೂ ಮುಟ್ಟದ ಜಾಗ ಇದು. ತಂತಿ, ಬೋರ್ಡು, ಪರದೆ ಎಲ್ಲ ಸರಿಯಿದ್ದರೂ ತಂತ್ರಾಂಶದ ಬೆಂಬಲ ನಿಂತದ್ದರಿಂದಲೇ ತ್ಯಾಜ್ಯ ಹುಟ್ಟುತ್ತದೆ, ಅದಕ್ಕೆ ತಂತ್ರಾಂಶ ಕಂಪನಿ ಹೊಣೆ ಎನ್ನುವ ಸಾಲು ನಮ್ಮ ಇ-ತ್ಯಾಜ್ಯ ನಿಯಮದಲ್ಲಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಕೀಲಿಗಳನ್ನು ಕಾಯುವ ಭದ್ರತಾ ಘಟಕ) ಮತ್ತು ಸುಮಾರಾಗಿ ಇಂಟೆಲ್ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್.

ಮೊದಲು ನೋಡಬೇಕಾದದ್ದು ಟಿಪಿಎಂ. ರನ್ ಪೆಟ್ಟಿಗೆಯಲ್ಲಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಟೈಪ್ ಮಾಡಿದರೆ ಇದೆಯೋ ಇಲ್ಲವೋ ತೋರಿಸುತ್ತದೆ. ‘ಇಲ್ಲ’ ಎಂದ ತಕ್ಷಣ ನಂಬಬೇಡಿ. 8ನೇ ತಲೆಮಾರು ಮತ್ತು ಈಚಿನ ಹಲವು ಬೋರ್ಡುಗಳಲ್ಲಿ ಅದು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಿ. ಪ್ರೊಸೆಸರೇ ಹಳತಾಗಿದ್ದರೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. 4 ಜಿಬಿ ರ್‍ಯಾಮನ್ನು 8 ಮಾಡಿ ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಕಂಪ್ಯೂಟರೂ ಶಾಲೆಯ ಕೆಲಸಕ್ಕೆ ಸಾಕು. ಕಚೇರಿಗಳಿಗೆ ಒಂದೇ ತೊಡಕು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ್ದು. ಹಳೇ ಕಡತಗಳು ನುಡಿಯ ಆಸ್ಕಿ (ಹಳೇ ಸಂಕೇತ ಪದ್ಧತಿಯ) ಅಕ್ಷರದಲ್ಲಿದ್ದರೆ ಲಿನಕ್ಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬದಲಿಸುವ ಮೊದಲೇ, ವಿಂಡೋಸ್ ಇನ್ನೂ ಓಡುತ್ತಿರುವಾಗಲೇ, ಕಡತಗಳನ್ನು ಎಲ್ಲ ಕಡೆ ಓದಬಹುದಾದ ಯುನಿಕೋಡಿಗೆ ಪರಿವರ್ತಿಸಿ ಉಳಿಸಿಕೊಳ್ಳಿ.

ನಿಯಮ ರಿಪೇರಿಗೆ ಒಂದು ಉತ್ತೇಜನ ಕೊಟ್ಟಿದೆ, ಆದರೆ ಅದು ಕಂಪನಿ ಮಟ್ಟದ್ದು. 100 ಟನ್ ಹೊಣೆ ಇರುವ ಉತ್ಪಾದಕ 60 ಟನ್‌ಗೆ ರಿಫರ್ಬಿಷಿಂಗ್ ಪ್ರಮಾಣಪತ್ರ ಕೊಂಡರೆ ಆ ವರ್ಷ 40 ಟನ್ ಮರುಬಳಕೆ ತೋರಿಸಿದರೆ ಸಾಕು. ಮುಂದೂಡಿದ 60ರಲ್ಲಿ 75%, ಅಂದರೆ 45 ಟನ್, ಆ ಸಾಮಾನಿನ ಹೆಚ್ಚುವರಿ ಬಾಳಿಕೆ ಮುಗಿದ ವರ್ಷ ಸೇರುತ್ತದೆ.

ಮಾನಿಟರ್ ಬದಲಾದಂತೆ ಅಪಾಯವೂ ಬದಲಾಗಿದೆಯೇ?

ಹೌದು, ಇದು ಗಮನವಿಟ್ಟು ಓದಬೇಕಾದ ಉತ್ತರ. ಡಬ್ಬಿ ಮಾನಿಟರಿನ ಗಾಜಿನ ಹಿಂಭಾಗದ ಆಲಿಕೆಯಂಥ ಭಾಗದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಗಾಜು ಇಡಿಯಾಗಿದ್ದರೆ ಸೀಸ ಹೊರಬರದು. ತಾಮ್ರದ ಸುರುಳಿಗಾಗಿ ಕುತ್ತಿಗೆ ಒಡೆದಾಗಲೇ ತೊಂದರೆ: ಒಳಗಿನ ನಿರ್ವಾತದಿಂದ ಗಾಜು ಸಿಡಿಯಬಹುದು, ಪರದೆಯ ಒಳಮೈಯ ಪುಡಿ ಹಾರುತ್ತದೆ, ಉಳಿದ ಗಾಜನ್ನು ಯಾರೂ ಕೊಳ್ಳುವುದಿಲ್ಲ. ಡಬ್ಬಿ ಮಾನಿಟರನ್ನು ಯಾವತ್ತೂ ಬಿಚ್ಚಬೇಡಿ, ಪರದೆ ಕೆಳಮುಖ ಮಾಡಿ ಮೆತ್ತನೆ ಬಟ್ಟೆಯ ಮೇಲಿಡಿ.

2000ದ ದಶಕದ ಎಲ್‌ಸಿಡಿಗಳಲ್ಲಿ ಪರದೆಯ ಹಿಂದೆ ಪೆನ್ಸಿಲಿಗಿಂತ ತೆಳ್ಳಗಿನ ಗಾಜಿನ ಕೊಳವೆ ದೀಪಗಳಿವೆ, ಪ್ರತಿಯೊಂದರಲ್ಲೂ ಕೆಲವೇ ಮಿಲಿಗ್ರಾಂ ಪಾದರಸ. ಪರದೆ ಆನ್ ಮಾಡಿದ ಮೊದಲ ನಿಮಿಷ ಮಂಕಾಗಿ, ತುಸು ಕೆಂಪಾಗಿ ಕಂಡು ಆಮೇಲೆ ಬೆಳಗಿದರೆ ಸಾಮಾನ್ಯವಾಗಿ ಅಂಥದ್ದೇ. ಹಿಂದಿನ ಲೇಬಲ್‌ನಲ್ಲಿ ‘ಪಾದರಸವಿದೆ’ ಎಂಬ ಸೂಚನೆಯೂ ಇರಬಹುದು. ಎಲ್‌ಇಡಿ ಮಾನಿಟರಿನಲ್ಲಿ ಪಾದರಸ ಇಲ್ಲ. ಮೂರನ್ನೂ ಒಂದೇ ರಾಶಿಯಲ್ಲಿ ಹಾಕಿ ಕೊಟ್ಟರೆ ಮರುಬಳಕೆ ಘಟಕದವರು ಎಲ್ಲವನ್ನೂ ಅಪಾಯದ ಸಾಲಿಗೇ ಸೇರಿಸುತ್ತಾರೆ, ದರವೂ ಹಾಗೇ ಬೀಳುತ್ತದೆ.

ಹೊಸ ಬೋರ್ಡುಗಳಲ್ಲಿ ಸೀಸ ಇಲ್ಲವಂತೆ, ನಿಜವೇ?

ಬಹುಮಟ್ಟಿಗೆ ನಿಜ. ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಸೀಸ, ಪಾದರಸ, ಕ್ಯಾಡ್ಮಿಯಂ ಮುಂತಾದ ಆರು ವಸ್ತುಗಳಿಗೆ ಮಿತಿ ಹಾಕಿತು. ಕಾರ್ಖಾನೆಗಳು ಒಂದೇ ಸಾಲಿನಲ್ಲಿ ಇಡೀ ಜಗತ್ತಿಗೆ ತಯಾರಿಸುವುದರಿಂದ ಬದಲಾವಣೆ ನಮಗೂ ಬಂತು. ಭಾರತದ ನಿಯಮದಲ್ಲೂ ಅದೇ ಮಿತಿ: ಕ್ಯಾಡ್ಮಿಯಂ 0.01%, ಉಳಿದವು 0.1%. ಹಳೇ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು, ಸೀಸವಿಲ್ಲದ್ದು ಕರಗಲು ಸುಮಾರು 217 ಡಿಗ್ರಿ ಬೇಕು. ರಿಪೇರಿ ಮಾಡುವವರು ಹಳೇ ಕಾವಿನಲ್ಲೇ ಹೊಸ ಬೋರ್ಡಿಗೆ ಕೈ ಹಾಕಿದರೆ ಬೆಸುಗೆ ಅರ್ಧ ಕರಗಿ, ಎಳೆದಾಗ ತಾಮ್ರದ ಪಟ್ಟಿಯೇ ಕಿತ್ತು ಬರುತ್ತದೆ. ಕಾನೂನು ತಂತ್ರಜ್ಞಾನವನ್ನು ಮುಂದಿನಿಂದ ಎಳೆದ ಅಪರೂಪದ ಉದಾಹರಣೆ ಇದು. ಸಾಮಾನಿನ ಹೆಸರಿನ ಬೆನ್ನು ಹತ್ತದೆ ಒಳಗಿನ ವಸ್ತುವಿಗೆ ಮಿತಿ ಹಾಕಿದ್ದರಿಂದಲೇ ಅದು ಹಳತಾಗಲಿಲ್ಲ.

ಬ್ಯಾಟರಿ ಇ-ತ್ಯಾಜ್ಯವೇ ಅಲ್ಲವೇ?

ವಸ್ತುವಾಗಿ ಅಪಾಯ ಒಂದೇ, ಕಾನೂನಿನಲ್ಲಿ ಬೇರೆ. ಬ್ಯಾಟರಿಗೆ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ನಿಯಮ ಬಂತು. ಅದಕ್ಕೂ ಮುಂಚೆ ಇದ್ದದ್ದು 2001ರದು, ಅದು ಸೀಸ-ಆಮ್ಲದ ಬ್ಯಾಟರಿಗಷ್ಟೇ. ಲ್ಯಾಪ್‌ಟಾಪು, ಫೋನುಗಳ ಲಿಥಿಯಂ ಬ್ಯಾಟರಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಬ್ಯಾಟರಿ ನಿಯಮದ ಹೊರಗೇ ಇದ್ದವು. ಆದ್ದರಿಂದ ಯುಪಿಎಸ್ ಕೊಡುವಾಗ ಪೆಟ್ಟಿಗೆ ಒಂದು ಲೆಕ್ಕ, ಒಳಗಿನ ಬ್ಯಾಟರಿ ಇನ್ನೊಂದು. ಸಾಮಾನ್ಯ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು ಕಿಲೋ ಮೇಲೆ ತೂಗುತ್ತದೆ, ಹೆಚ್ಚು ಪಾಲು ಸೀಸ. ಹೊಸದು ಕೊಳ್ಳುವಾಗ ಡೀಲರಿಗೇ ಹಳೆಯದನ್ನು ಕೊಟ್ಟು ಬೆಲೆ ಇಳಿಸಿಕೊಳ್ಳಿ. ಈ ಒಂದು ವ್ಯವಸ್ಥೆ ನಮ್ಮ ಕಡೆ ಚೆನ್ನಾಗಿಯೇ ನಡೆಯುತ್ತಿದೆ.

ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿಯನ್ನು ತೆಗೆದ ಕೂಡಲೇ ಎರಡೂ ಬದಿಗೆ ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದೆ. ಏನು ಮಾಡಲಿ?

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಚಾರ್ಜರ್ ಕಿತ್ತು ಯಂತ್ರ ಆಫ್ ಮಾಡಿ. ಉಬ್ಬನ್ನು ಒತ್ತಿ ಕೂರಿಸಬೇಡಿ, ಸೂಜಿ ಚುಚ್ಚಿ ಗಾಳಿ ಬಿಡಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ಸ್ಕ್ರೂ ಹಾಕಿ ಕೂರಿಸಿದ ಬ್ಯಾಟರಿಯಾದರೆ ಕನೆಕ್ಟರ್ ಮೊದಲು ಬಿಡಿಸಿ, ಆಮೇಲೆ ಸ್ಕ್ರೂ. ಅಂಟು ಹಾಕಿದ್ದಾದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಹೆಚ್ಚಿನ ಬೆಂಕಿ ಹೊತ್ತುವುದು ಆ ಹೊತ್ತಿನಲ್ಲೇ, ಹಾಗಾಗಿ ಯಂತ್ರ ಸಮೇತ ತಿಳಿದವರ ಹತ್ತಿರ ಒಯ್ಯಿರಿ.

ತೆಗೆದ ಬ್ಯಾಟರಿಯ ತುದಿಗಳಿಗೆ ಟೇಪ್ ಹಚ್ಚಿ, ಲೋಹದ ಡಬ್ಬದಲ್ಲಿ ತಳಕ್ಕೆ ಎರಡು ಇಂಚು ಒಣ ಮರಳು ಹಾಕಿ ಮಧ್ಯದಲ್ಲಿಟ್ಟು ಮೇಲೂ ಮರಳು ಸುರಿಯಿರಿ. ಮುಚ್ಚಳ ಬಿಗಿಯಬೇಡಿ, ಅನಿಲ ಹೊರಹೋಗಲು ಜಾಗ ಬೇಕು. ಕರಾವಳಿಯವರು ಕಡಲ ದಂಡೆಯ ಮರಳು ತರಬೇಡಿ: ಅದರಲ್ಲಿರುವ ಉಪ್ಪು ಮಳೆಗಾಲದ ತೇವ ಹೀರಿ ವಿದ್ಯುತ್ ಹರಿಸುತ್ತದೆ, ತುದಿಗಳನ್ನು ತಿನ್ನುತ್ತದೆ. ಹೊಳೆ ಮರಳನ್ನು ಬಾಣಲೆಯಲ್ಲಿ ಹುರಿದು ಆರಿಸಿಕೊಂಡರೆ ಸಾಕು. ಡಬ್ಬ ಮನೆಯ ಹೊರಗೆ, ಮಾಡಿನ ಕೆಳಗೆ, ಕಟ್ಟಿಗೆ ಮತ್ತು ಒಣ ಸೋಗೆಯಿಂದ ದೂರ ಇರಲಿ. ಉಬ್ಬಿದ ಬ್ಯಾಟರಿಯನ್ನು ಕೊರಿಯರ್‌ನಲ್ಲೋ ಬಸ್ ಪಾರ್ಸೆಲ್‌ನಲ್ಲೋ ಕಳಿಸುವ ಯೋಚನೆಯನ್ನೇ ಬಿಡಿ.

ಕೊಡುವ ಮುಂಚೆ ಮಾಹಿತಿ ಅಳಿಸುವುದು ಹೇಗೆ? ಫಾರ್ಮ್ಯಾಟ್ ಸಾಕೇ?

ತ್ವರಿತ ಫಾರ್ಮ್ಯಾಟ್ ಸಾಲದು. ಅದು ವಿಷಯಸೂಚಿ ಅಳಿಸುತ್ತದೆ, ಪುಟಗಳು ಹಾಗೇ ಇರುತ್ತವೆ. ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು. ವಿಂಡೋಸ್‌ನ ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್ ಆಲ್’ ಆಜ್ಞೆ ಅದನ್ನೇ ಮಾಡುತ್ತದೆ (‘ಕ್ಲೀನ್’ ಎಂದಷ್ಟೇ ಕೊಟ್ಟರೆ ವಿಭಾಗದ ಮಾಹಿತಿ ಮಾತ್ರ ಹೋಗುತ್ತದೆ). 1 ಟಿಬಿ ಡಿಸ್ಕಿಗೆ ಸೆಕೆಂಡಿಗೆ 120 ಎಂಬಿ ವೇಗದಲ್ಲಿ ಎರಡೂಕಾಲು ಗಂಟೆ ಹಿಡಿಯುತ್ತದೆ. ಡಿಸ್ಕಿನ ಸಂಖ್ಯೆ ಎರಡು ಸಲ ನೋಡಿಕೊಳ್ಳಿ, ತಪ್ಪು ಡಿಸ್ಕ್ ಆರಿಸಿದರೆ ಹಿಂದಿರುಗುವ ದಾರಿಯಿಲ್ಲ. ಕರೆಂಟ್ ಹೋಗುವ ದಿನ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಎಸ್‌ಎಸ್‌ಡಿಗೆ ಈ ವಿಧಾನ ಪೂರ್ತಿ ನಡೆಯುವುದಿಲ್ಲ. ಸವೆತ ಸಮನಾಗಲೆಂದು ಅದು ಬರೆಯುವ ಜಾಗವನ್ನು ತಾನೇ ಬದಲಿಸುತ್ತಿರುತ್ತದೆ, ಹಳೇ ಕೋಶಗಳು ನಿಮ್ಮ ಸೊನ್ನೆಗೆ ಸಿಗದೆ ಉಳಿಯಬಹುದು. ಅದಕ್ಕೆ ಡ್ರೈವ್‌ನೊಳಗೇ ಇರುವ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆಜ್ಞೆ ಬಳಸಬೇಕು. ಇದು ಕೆಲವೇ ನಿಮಿಷದ ಕೆಲಸ. ಮೊದಲಿಂದಲೇ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಕೀಲಿ ಅಳಿಸಿದಾಗಲೇ ಮಾಹಿತಿ ಓದಲಾಗದಂತಾಗುತ್ತದೆ.

ಕೆಟ್ಟುಹೋಗಿ ಓಡದ ಡಿಸ್ಕನ್ನು ಒಡೆಯುವುದೇ ದಾರಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿನ ತಟ್ಟೆ ಬಹಳ ಸಲ ಗಾಜಿನದು, ಡ್ರಿಲ್ ಹಾಕಿದರೆ ಚೂರು ಸಿಡಿಯುತ್ತದೆ. ಕನ್ನಡಕ ಹಾಕಿ, ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಬಡಿಯಿರಿ. ಎಂ.2 ಎಸ್‌ಎಸ್‌ಡಿ ಮಧ್ಯಕ್ಕೆ ಒಂದೇ ತೂತು ಹೊಡೆದರೆ ಚಿಪ್ ತಪ್ಪಿಹೋಗಬಹುದು, ಕಪ್ಪು ಚಿಪ್ ಎಷ್ಟಿವೆಯೋ ಅಷ್ಟೂ ಒಡೆಯಬೇಕು. ಅಗ್ಗದ ಲ್ಯಾಪ್‌ಟಾಪು, ಟ್ಯಾಬುಗಳಲ್ಲಿ ಸಂಗ್ರಹದ ಚಿಪ್ ಬೋರ್ಡಿಗೇ ಬೆಸೆದಿರುತ್ತದೆ, ಕಳಚಿ ಇಟ್ಟುಕೊಳ್ಳಲು ಬರುವುದಿಲ್ಲ. ದೊಡ್ಡ ಜೆರಾಕ್ಸ್ ಯಂತ್ರದಲ್ಲೂ ಹಾರ್ಡ್‌ಡಿಸ್ಕ್ ಇರುತ್ತದೆ ಎಂಬುದನ್ನು ಕಚೇರಿಗಳು ಮರೆಯುತ್ತವೆ. ಸದಸ್ಯರ ಆಧಾರ್, ಪಹಣಿ, ಸಾಲದ ಕಾಗದಗಳ ಪ್ರತಿ ಅದರಲ್ಲಿ ಉಳಿದಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಇನ್ನು ಮುಂದೆ ಇದು ಸೊಸೈಟಿಗೆ ಹಣದ ಪ್ರಶ್ನೆಯೂ ಹೌದು.

ಮಳೆಗಾಲದಲ್ಲಿ ಹಳೇ ಸಾಮಾನು ಎಲ್ಲಿಡುವುದು? ಎಷ್ಟು ದಿನ ಇಟ್ಟುಕೊಳ್ಳಬಹುದು?

ತಯಾರಕರು, ಉತ್ಪಾದಕರು, ರಿಫರ್ಬಿಷರ್, ಮರುಬಳಕೆದಾರರಿಗೆ 180 ದಿನದ ಮಿತಿ ಇದೆ. ಮನೆಯವರಿಗೆ ಮಿತಿ ಇಲ್ಲ, ಆದರೆ ಇಲ್ಲಿನ ಹವೆಯೇ ಗಡುವು ಹಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಗಾಳಿಯ ಉಪ್ಪು ಮತ್ತು ತೇವ ಸೇರಿ ಕನೆಕ್ಟರುಗಳು ಹಸಿರು ಹಿಡಿಯುತ್ತವೆ. ಮೇ ತಿಂಗಳಲ್ಲಿ ರಿಪೇರಿಗೆ ಬರುತ್ತಿದ್ದದ್ದು ಅಕ್ಟೋಬರ್‌ನಲ್ಲಿ ಬರೀ ಗುಜರಿ. ಕೊಡುವುದಿದ್ದರೆ ಮಳೆಗೆ ಮುಂಚೆ ಕೊಡಿ. ಇಡಲೇಬೇಕಾದರೆ ಬ್ಯಾಟರಿ, ಟೋನರ್ ಬೇರೆ ಮಾಡಿ, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ. ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಸುತ್ತಿದರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ, ಕೆಳಗೆ ಬಿಟ್ಟು ಮೇಲೆ ಮಾತ್ರ ಹೊದಿಸಿ.

ಲಾರಿ ಬಾಡಿಗೆ ಗಿಟ್ಟಬೇಕಾದರೆ ಒಬ್ಬರ ಸಾಮಾನು ಸಾಲುವುದಿಲ್ಲ. ಹತ್ತಾರು ಸೊಸೈಟಿ, ಶಾಲೆ, ಅಂಗಡಿಗಳು ಸೇರಿ ಒಂದು ದಿನ ಗೊತ್ತು ಮಾಡಿ ಮರುಬಳಕೆದಾರರನ್ನು ಕರೆಸಿದರೆ ಅರಬೈಲ್ ಘಟ್ಟವನ್ನಾಗಲಿ ದೇವಿಮನೆ ಘಟ್ಟವನ್ನಾಗಲಿ ಇಳಿದು ಬರಲು ಅವರಿಗೂ ಅರ್ಥವಿರುತ್ತದೆ. ಮೊದಲೇ ಪಟ್ಟಿ ಮಾಡಿ ಕಳಿಸಿ: ಬಗೆ, ಸಂಖ್ಯೆ, ಅಂದಾಜು ತೂಕ, ಒಡೆದದ್ದೋ ಇಡಿಯೋ. ಲಾರಿ ಬಂದಾಗ ತೂಕದ ಚೀಟಿ ಮತ್ತು ಅವರ ನೋಂದಣಿಯ ಪ್ರತಿ ಪಡೆಯಿರಿ. ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡಬಹುದು. ಗೋಡೆಗೆ ತೂಗುಹಾಕಿದ ಹಳೇ ಪ್ರಮಾಣಪತ್ರದ ಫೋಟೋ ನಂಬಬೇಡಿ.

ಗುಜರಿಯವರಿಗೆ ಕೊಟ್ಟರೆ ತಪ್ಪೇ?

ಕಬ್ಬಿಣದ ಕ್ಯಾಬಿನೆಟ್, ಪ್ಲಾಸ್ಟಿಕ್ ಕೊಟ್ಟರೆ ಹೆಚ್ಚು ಹಾನಿಯಿಲ್ಲ. ಬೋರ್ಡು, ಬ್ಯಾಟರಿ, ಮಾನಿಟರ್ ಕೊಡಬೇಡಿ. ಗುಜರಿಯವರನ್ನು ಕಳ್ಳರಂತೆ ನೋಡುವುದು ಸರಿಯಲ್ಲ, ಈ ಜಿಲ್ಲೆಯ ಮನೆಮನೆಗೆ ತಲುಪುವ ಜಾಲ ಇರುವುದು ಅವರ ಬಳಿ ಮಾತ್ರ. ತೊಂದರೆ ಆಗುವುದು ಮುಂದಿನ ಕೈಯಲ್ಲಿ. ಬೋರ್ಡು ಆಸಿಡ್ ತೊಟ್ಟಿಗೆ ಬೀಳುತ್ತದೆ, ವೈರು ಬೆಂಕಿಗೆ. ಪಿವಿಸಿ ಹೊದಿಕೆ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಒಳಗಿನ ತಾಮ್ರ ಆ ಕ್ರಿಯೆಯನ್ನು ಇನ್ನಷ್ಟು ಚುರುಕು ಮಾಡುತ್ತದೆ. ಹೊಳೆ ದಂಡೆಯಲ್ಲಿ ಸುಟ್ಟ ಬೂದಿ ಒಂದೇ ಮಳೆಗೆ ನೀರಿಗೆ ಸೇರುತ್ತದೆ. 2024ರಲ್ಲಿ ರಾಮ್ಸರ್ ತಾಣವಾದ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಘನಾಶಿನಿ ಅಳಿವೆಯಲ್ಲಿ ಬೆಳಚು (ತಿನ್ನುವ ಚಿಪ್ಪಿನ ಜೀವಿ) ಹೆಕ್ಕಿ ಬದುಕುವ ಕುಟುಂಬಗಳಿವೆ. ಬೆಳಚು ನೀರನ್ನು ಸೋಸಿ ತಿನ್ನುವ ಜೀವಿ, ನೀರಿನ ಲೋಹ ಅದರ ಮಾಂಸದಲ್ಲಿ ಕೂಡುತ್ತ ಹೋಗುತ್ತದೆ.

ಹೊರದೇಶದಿಂದ ಹಳೇ ಕಂಪ್ಯೂಟರ್ ತರಿಸಿ ಮಾರಬಹುದೇ?

ಬಳಸಿದ ಸಾಮಾನಿನ ಆಮದಿಗೆ ಮೊದಲೇ ಅನುಮತಿ ಬೇಕು, ಆಮದು ಮಾಡಿದವರು ಉತ್ಪಾದಕರ ಸಾಲಿಗೆ ಸೇರುತ್ತಾರೆ. ಅಪಾಯಕಾರಿ ತ್ಯಾಜ್ಯ ದೇಶದಿಂದ ದೇಶಕ್ಕೆ ಸಾಗುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಯಾದ ಮೇಲೆ ಅಪಾಯಕಾರಿಯಲ್ಲದ ಇ-ತ್ಯಾಜ್ಯ ಸಾಗಿಸಲೂ ಎರಡೂ ದೇಶದ ಪೂರ್ವಾನುಮತಿ ಕಡ್ಡಾಯ.

ಬೇರೆ ದೇಶಗಳ ಕಾನೂನು ಮುಂದಿದೆಯೇ?

ಕೆಲವು ಕಡೆ. ಯುರೋಪ್ ಒಕ್ಕೂಟ 2018ರ ಆಗಸ್ಟ್ 15ರಿಂದ ಪಟ್ಟಿಯ ಪದ್ಧತಿಯನ್ನೇ ತಿರುಗಿಸಿತು: ಹೊರಗಿಟ್ಟವು ಎಂದು ಹೇಳಿದ್ದನ್ನು ಬಿಟ್ಟು ಉಳಿದ ಎಲ್ಲ ವಿದ್ಯುತ್ ಸಾಮಾನೂ ಕಾನೂನಿನೊಳಗೆ. ಫೋನುಗಳಿಗೆ ಒಂದೇ ಬಗೆಯ ಟೈಪ್-ಸಿ ಚಾರ್ಜರ್ 2024ರ ಡಿಸೆಂಬರ್ 28ರಿಂದ ಅಲ್ಲಿ ಕಡ್ಡಾಯವಾಯಿತು. ಬಳಸುವವರೇ ಬ್ಯಾಟರಿ ತೆಗೆಯುವಂತಿರಬೇಕು ಎಂಬ ನಿಯಮ 2027ರ ಫೆಬ್ರವರಿಯಿಂದ ಬರುತ್ತದೆ. ಕ್ಯಾಲಿಫೋರ್ನಿಯಾ 2003ರಲ್ಲಿ ಕಾನೂನು ಮಾಡಿದಾಗ ಅದರ ಕಣ್ಣೆಲ್ಲ ಪರದೆಯ ಮೇಲಿತ್ತು. ಒಳಗೆ ಬ್ಯಾಟರಿ ಬೆಸೆದ ಸಾಮಾನನ್ನು ಸೇರಿಸಲು 2022ರ ತಿದ್ದುಪಡಿ ಬೇಕಾಯಿತು. ಎಲ್ಲರೂ ಹಿಂದೆಯೇ ಓಡುತ್ತಿದ್ದಾರೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್, ದಾಖಲೆ ಸಮೇತ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು 22.3% ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ.

ಮನೆ ಮಾಡಿನ ಸೋಲಾರ್ ಫಲಕ ಕೆಟ್ಟರೆ?

ಅದೂ 2022ರ ಪಟ್ಟಿಯಲ್ಲಿದೆ. ತಯಾರಕರು ಮತ್ತು ಉತ್ಪಾದಕರು ಫಲಕದ ತ್ಯಾಜ್ಯವನ್ನು 2034-35ರವರೆಗೆ ಮಾರ್ಗಸೂಚಿಯಂತೆ ದಾಸ್ತಾನು ಇಡಬೇಕು. ಒಡೆದ ಫಲಕವೂ ಬಿಸಿಲಿಗೆ ವಿದ್ಯುತ್ ಕೊಡುತ್ತಲೇ ಇರುತ್ತದೆ, ಕಳಚುವಾಗ ಕಪ್ಪು ಬಟ್ಟೆ ಹೊದಿಸಿ.

ಕೈಗಾದ ತ್ಯಾಜ್ಯವೂ ಇದರಲ್ಲಿ ಬರುತ್ತದೆಯೇ?

ಅಲ್ಲಿನ ಕಚೇರಿಯ ಕಂಪ್ಯೂಟರ್ ಬರುತ್ತದೆ. ವಿಕಿರಣಶೀಲ ತ್ಯಾಜ್ಯ ಬರುವುದಿಲ್ಲ, ಅದು 1962ರ ಅಣುಶಕ್ತಿ ಕಾಯ್ದೆಯ ಕೆಳಗೆ.

ಯಾರಾದರೂ ವೈರು ಸುಡುತ್ತಿದ್ದರೆ ದೂರು ಎಲ್ಲಿ?

ಊರೊಳಗಾದರೆ ಮೊದಲು ನಗರಸಭೆ ಅಥವಾ ಪಂಚಾಯ್ತಿ, ಜೊತೆಗೆ ಕಾರವಾರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಬರಹದಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಜಾಗ, ದಿನಾಂಕ, ಸಮಯ, ಬೂದಿ ಇರುವ ಫೋಟೋ ಇದ್ದರೆ ಸಾಕು. ಬೂದಿಯನ್ನು ಕೈಯಲ್ಲಿ ಮುಟ್ಟಿ ಮಾದರಿ ತೆಗೆಯಲು ಹೋಗಬೇಡಿ, ಅದು ಮಂಡಳಿಯವರ ಕೆಲಸ. ಮಳೆಗಾಲದಲ್ಲಾದರೆ ಅದೇ ದಿನ ತಿಳಿಸಿ, ಮರುದಿನ ನೋಡಲು ಏನೂ ಉಳಿದಿರುವುದಿಲ್ಲ.